ಹೊರನಾಡಿನ ವಾರ್ತೆ ಮತ್ತು ನಮ್ಮ ಅಡಿಕೆಯ ಅಂಗಳ

ಈ ವರ್ಷದ ತರಗತಿಗಳು ಆರಂಭವಾದ ಮೊದಲ ವಾರದಲ್ಲಿ ನಮ್ಮ ಗುರುಗಳೊಬ್ಬರು ಅಂತಿಮ ಬಿ.ಎ. ತರಗತಿಯ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಎಬ್ಬಿಸಿ, “ಮುಂದೇನು?” ಎಂದು ಕೇಳಿದರು. ಹೊರಗೆ ಶಿರಸಿಯ ಮಳೆ ಧೋ ಎಂದು ಸುರಿಯುತ್ತಿತ್ತು. ಬಿ.ಎಡ್. ಎಂದವರು ಕೆಲವರು, ಸ್ಪರ್ಧಾತ್ಮಕ ಪರೀಕ್ಷೆ ಎಂದವರು ಹಲವರು, ‘ಮನೆಯಲ್ಲಿ ಕೇಳಬೇಕು’ ಎಂದವರು ಉಳಿದ ಹುಡುಗಿಯರು. ನನ್ನ ಸರದಿ ಬಂದಾಗ ನಾನು ಎದ್ದು ನಿಂತು, “ಅಂತರಾಷ್ಟ್ರೀಯ ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಬೇಕೆಂದಿದ್ದೇನೆ ಸರ್” ಎಂದೆ. ಮಳೆಯ ಸದ್ದನ್ನೂ ಮೀರಿ ತರಗತಿ ನಕ್ಕಿತು.

ನಕ್ಕವರ ಮೇಲೆ ನನಗೆ ಮುನಿಸಿಲ್ಲ. ಆ ಮಾತನ್ನು ನನ್ನ ಬಾಯಿಂದಲೇ ಕೇಳಿ ನಾನೂ ಅರೆಗಳಿಗೆ ಬೆಚ್ಚಿದ್ದೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಅಪ್ಪ ಸಿದ್ದಾಪುರ ತಾಲೂಕಿನ ನಮ್ಮ ಹಳ್ಳಿಯ ಸುತ್ತುಮುತ್ತಿನ ತೋಟಗಳಲ್ಲಿ ಕೊನೆಗೌಡ. ಮರ ಹತ್ತಿ ಅಡಿಕೆಯ ಕೊನೆ ಇಳಿಸುವುದು ಅವನ ಕಸುಬು. ಅವ್ವ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವಳು. ನಮ್ಮಲ್ಲಿಗೆ ವೃತ್ತಪತ್ರಿಕೆ ಬರುತ್ತಿದ್ದುದು ಅಂಗಡಿಯ ಸಾಮಾನು ಕಟ್ಟಿದ ಕಾಗದದ ರೂಪದಲ್ಲಿ. ತಿಂಗಳ ಹಿಂದಿನ ವಾರ್ತೆಯನ್ನು ಬೆಲ್ಲದ ಅಂಟಿನೊಡನೆ ಬಿಡಿಸಿ ಓದಿ ನಾನು ಅಕ್ಷರ ಕೂಡಿಸಿದವಳು. ಇಂಥವಳು ಲಂಡನ್ನು, ಜಿನೀವಾ ಎಂದು ಮಾತಾಡಿದರೆ ನಗು ಬಾರದೆ ಇದ್ದೀತೆ?

ಆದರೆ ಅಂದು ನನ್ನಲ್ಲಿ ಒಂದು ಉತ್ತರವಿತ್ತು. ಎದ್ದು ನಿಂತು ಹೇಳುವ ಧೈರ್ಯವಾಗಲಿಲ್ಲ. ಸಂಪಾದಕ ಮಂಡಲಿಯವರು ಈ ಸಂಚಿಕೆಗೆ ಲೇಖನ ಕೇಳಿದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುಗಳು ತಪ್ಪಿದ್ದಲ್ಲಿ ತಿದ್ದಬೇಕು.

ನಾನು ಪಿ.ಯು.ಸಿ. ಓದುತ್ತಿದ್ದ ಕಾಲದ ಮಾತು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಸರಕಾರ ಒಂದು ಅಧಿಸೂಚನೆ ಹೊರಡಿಸಿತು: ಭೂತಾನದಿಂದ ವರ್ಷಕ್ಕೆ 17,000 ಟನ್ನು ಹಸಿ ಅಡಿಕೆಯನ್ನು, ಕನಿಷ್ಠ ಆಮದು ಬೆಲೆಯ ಕಟ್ಟುಪಾಡಿಲ್ಲದೆ, ಪಶ್ಚಿಮ ಬಂಗಾಳದ ಜಯಗಾಂವ್ ಸುಂಕದ ಕಟ್ಟೆಯ ಮೂಲಕ ತರಿಸಿಕೊಳ್ಳಬಹುದು. ಸುಗ್ಗಿ ಬಂದಾಗ ಸುಲಿಯುವ ಅಂಗಳದಲ್ಲಿ ಇದೇ ಮಾತು. ತೋಟದ ಒಡೆಯರು ಪತ್ರಿಕೆ ಹಿಡಿದು ಗಟ್ಟಿಯಾಗಿ ಓದಿದರು. ಸುಲಿಯುತ್ತಿದ್ದ ಹೆಂಗಸರ ಕೈ ಒಂದು ಕ್ಷಣ ನಿಂತಿತು. ಬೆಲೆ ಬಿದ್ದರೆ ಒಡೆಯರಿಗೆ ಆಗುವುದು ನಷ್ಟ. ನಮಗೆ ಆಗುವುದು ಕೂಲಿಯ ಕಡಿತ, ಇಲ್ಲವೆ ‘ಈ ವರ್ಷ ಅರ್ಧ ಮಂದಿ ಸಾಕು’ ಎಂಬ ಮಾತು.

ಆ ಸುದ್ದಿಯಲ್ಲಿ ಎಷ್ಟು ವಾಕ್ಯಗಳಿದ್ದವೆಂದು ನನಗೆ ಇಂದಿಗೂ ನೆನಪಿದೆ. ದಿಲ್ಲಿಯಿಂದ ಬಂದ ನಾಲ್ಕು ವಾಕ್ಯ. ಅದರ ಕೆಳಗೆ ನಮ್ಮ ಕಡೆಯ ಮುಖಂಡರ ಹೇಳಿಕೆಗಳು ಮಾತ್ರ ಮಾರುದ್ದ. ಭೂತಾನದಲ್ಲಿ ಅಡಿಕೆ ಎಲ್ಲಿ ಬೆಳೆಯುತ್ತದೆ, ಬೆಳೆಯುವವರು ಯಾರು, ಅವರಲ್ಲಿ ದೊಡ್ಡ ತೋಟಿಗರೆಷ್ಟು, ನಮ್ಮಂಥವರೆಷ್ಟು, ನಿಜಕ್ಕೂ ಅಷ್ಟು ಅಡಿಕೆ ಅಲ್ಲಿ ಆಗುತ್ತದೆಯೆ, ಅಥವಾ ಬೇರೆ ದೇಶದ ಅಡಿಕೆ ಭೂತಾನದ ಹೆಸರಿನಲ್ಲಿ ಒಳಗೆ ಬರಬಹುದೆ? ಅಂಗಳದಲ್ಲಿ ಈ ಪ್ರಶ್ನೆಗಳೆಲ್ಲ ಎದ್ದವು. ಸುಲಿಯುವ ಹೆಂಗಸರು ಕೇಳಿದ ಪ್ರಶ್ನೆಗಳು ಯಾವ ವರದಿಗಾರನಿಗೂ ಕಡಿಮೆಯಾಗಿರಲಿಲ್ಲ. ಉತ್ತರ ಹೇಳುವವರಿರಲಿಲ್ಲ. ಒಡೆಯರು ಪತ್ರಿಕೆ ಮಡಿಸಿ ಕವಳ ಹಾಕಿಕೊಂಡರು.

ಆ ರಾತ್ರಿ ಅಕ್ಕನ ಗಂಡನ ಮೊಬೈಲಿನಲ್ಲಿ ನಾನು ಭೂತಾನವನ್ನು ಹುಡುಕಿದೆ. ಇಂಗ್ಲೀಷಿನಲ್ಲಿ ತಡವರಿಸುತ್ತ ಓದಿದಾಗ ತಿಳಿದದ್ದು ಇಷ್ಟು: ಅಲ್ಲಿಯ ಜನ ಅಡಿಕೆ, ಎಲೆ, ಸುಣ್ಣ ಕೂಡಿಸಿ ‘ಡೋಮಾ’ ಎಂದು ಜಗಿಯುತ್ತಾರೆ, ಅಂದರೆ ಅವರೂ ಕವಳದವರೇ. ದಕ್ಷಿಣದ ತಗ್ಗುನಾಡಿನ ಸಮ್ತ್ಸೆ, ಸರ್ಪಾಂಗ್ ಮುಂತಾದ ಕಡೆ ತೋಟಗಳಿವೆ. ನಮಗೆ ದುಃಖದ ವಾರ್ತೆಯಾದದ್ದು ಅವರಿಗೆ ಮಾರುಕಟ್ಟೆ ತೆರೆದ ಸಂತೋಷದ ವಾರ್ತೆ. ಒಂದೇ 17,000 ಟನ್ನು. ಅಲ್ಲಿ ಒಂದು ಬಣ್ಣ, ಇಲ್ಲಿ ಇನ್ನೊಂದು. ಮರುವರ್ಷ, 2023ರ ಫೆಬ್ರವರಿಯಲ್ಲಿ, ಸರಕಾರ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ ಅಂಗಳ ಸಮಾಧಾನಪಟ್ಟಿತು. ಆ ಏರಿಕೆಯೂ ಯಾರಿಗೋ ಎಲ್ಲೋ ಏಟು ಕೊಟ್ಟಿರಲೇಬೇಕು. ಅದನ್ನೂ ನಾವು ಓದಲಿಲ್ಲ.

ಅಂತರಾಷ್ಟ್ರೀಯ ಪತ್ರಿಕೋದ್ಯಮ ಎಂದರೆ ಯುದ್ಧಭೂಮಿಯಲ್ಲಿ ಕಬ್ಬಿಣದ ಟೊಪ್ಪಿಗೆ ಹಾಕಿ ನಿಂತವರ ಕೆಲಸ, ದೊಡ್ಡ ರಾಷ್ಟ್ರಗಳ ಅಧ್ಯಕ್ಷರ ಹಿಂದೆ ಓಡುವವರ ಕೆಲಸ ಎಂದು ನಾವು ತಿಳಿದಿದ್ದೇವೆ. ಅದೂ ಹೌದು. ಆದರೆ ಶಿರಸಿಯ ಯಾರ್ಡಿನಲ್ಲಿ ರಾಶಿ, ಚಾಲಿ, ಬೆಟ್ಟೆಗಳ ದರ ಕೂಗುವಾಗ ಆ ದರದ ಒಂದು ಎಳೆ ಥಿಂಪುವಿನಲ್ಲಿಯೂ ಇನ್ನೊಂದು ಎಳೆ ಕೊಲಂಬೋದಲ್ಲಿಯೂ ಇದೆ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯ ಸಂಗತಿಯೂ ಹಾಗೆಯೇ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ವಿಯೆಟ್ನಾಮು. ಅದರ ಅಗ್ಗದ ಮೆಣಸನ್ನು ತಡೆಯಲಿಕ್ಕೆಂದೇ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಕಟ್ಟಬೇಕಾಯಿತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ‘ಮೆಣಸಿನ ರಾಣಿ’ ಎಂದು ಕರೆದ ಕಾಲದಿಂದಲೂ ಈ ಸೀಮೆಯ ಅನ್ನದಲ್ಲಿ ಪರದೇಶ ಬೆರೆತಿದೆ. ಹೊಸದೇನೂ ಅಲ್ಲ. ಹಾಗಿದ್ದೂ ಪರದೇಶವನ್ನು ವಿಚಾರಿಸುವ ವಿದ್ಯೆ ನಮಗೆ ಬೇಡವೆನ್ನುವುದು ನನಗೆ ಅರ್ಥವಾಗದು.

ಈಗ ಬರೆಯುವುದು ಸ್ವಲ್ಪ ಕಷ್ಟದ ಮಾತು. ಅಡಿಕೆಯಿಂದ ಬದುಕುವ ಮನೆಗಳಿಗೇ ಈ ಸಂಚಿಕೆ ಹೋಗುತ್ತದೆ. ನನ್ನ ಫೀಜು ಕಟ್ಟಿದ್ದೂ ಅಡಿಕೆಯ ಕೂಲಿಯೇ. ಆದರೂ ಇದನ್ನು ಬಿಟ್ಟು ಬರೆದರೆ ಲೇಖನವೇ ಸುಳ್ಳಾಗುತ್ತದೆ.

ಫ್ರಾನ್ಸಿನ ಲಿಯೋನ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ. 2004ರಲ್ಲಿ ಪ್ರಕಟವಾದ ತನ್ನ 85ನೆಯ ಸಂಪುಟದಲ್ಲಿ ಅದು ಅಡಿಕೆಯನ್ನು, ತಂಬಾಕು ಕೂಡದ ಅಡಿಕೆಯನ್ನೂ, ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗದಲ್ಲಿ ಇಟ್ಟಿತು. ಅಂದಿನಿಂದ ಇಂದಿನವರೆಗೆ ಈ ವಾರ್ತೆ ನಮ್ಮ ಕಡೆ ಎರಡೇ ವೇಷದಲ್ಲಿ ಬರುತ್ತದೆ. ಒಂದು, ‘ಅಡಿಕೆ ವಿಷ.’ ಇನ್ನೊಂದು, ‘ಅಡಿಕೆಯ ವಿರುದ್ಧ ವಿದೇಶೀ ಪಿತೂರಿ.’ ನಾನು ಹದಿನೆಂಟರ ತನಕ ಎರಡನೆಯ ಪಕ್ಷದವಳು. ಚರ್ಚಾಸ್ಪರ್ಧೆಯೊಂದರಲ್ಲಿ ಪಿತೂರಿಯ ಬಗ್ಗೆ ಆವೇಶದಿಂದ ಮಾತಾಡಿ ಬಹುಮಾನವನ್ನೂ ಪಡೆದಿದ್ದೇನೆ. ಆ ಸ್ಟೀಲಿನ ತಟ್ಟೆ ಇನ್ನೂ ಮನೆಯಲ್ಲಿದೆ. ಅದರಲ್ಲೇ ಅವ್ವ ಎಲೆ ಅಡಿಕೆ ಇಟ್ಟುಕೊಳ್ಳುತ್ತಿದ್ದಳು.

ಅವ್ವನಿಗೆ ಎರಡು ವರ್ಷಗಳ ಹಿಂದೆ ಬಾಯಿ ಬಿಗಿಯಹತ್ತಿತು. ಮೊದಲು ಖಾರ ತಾಳದಾಯಿತು. ಆಮೇಲೆ ದೊಡ್ಡ ತುತ್ತು ಹಿಡಿಸದಾಯಿತು. ಆಮೇಲೆ ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯದಾಯಿತು. ಹುಬ್ಬಳ್ಳಿಯ ವೈದ್ಯರೊಬ್ಬರು ಕೆನ್ನೆಯ ಒಳಪದರ ನಾರುಗಟ್ಟಿದೆಯೆಂದೂ, ಇದು ಅಡಿಕೆ ಜಗಿಯುವುದರಿಂದ ಬರುವುದೆಂದೂ, ಈಗಲೇ ಬಿಟ್ಟರೆ ಮುಂದಿನ ದೊಡ್ಡ ಕೇಡು ತಪ್ಪಬಹುದೆಂದೂ ಹೇಳಿದರು. “ನಾನು ತಂಬಾಕು ಮುಟ್ಟಿದವಳಲ್ಲ” ಎಂದಳು ಅವ್ವ, ತನ್ನ ಮೇಲೆ ಯಾರೋ ಕಳ್ಳತನದ ಆರೋಪ ಹೊರಿಸಿದ ಹಾಗೆ. ಆಗ ನಾನು ಲಿಯೋನಿನ ಆ ಸಂಪುಟದ ಸಾರಾಂಶವನ್ನು ಹುಡುಕಿ ಕುಳಿತು ಓದಿದೆ. ಇಂಗ್ಲೀಷು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ನಾಲ್ಕು ರಾತ್ರಿ ಹಿಡಿಯಿತು. ಅವ್ವನ ರೋಗದ ಹೆಸರು ಅದರಲ್ಲಿತ್ತು. ಅವಳು ಮದುವೆಯಾಗಿ ಬಂದ ಕಾಲಕ್ಕೇ ಅದು ಅಚ್ಚಾಗಿತ್ತು. ಲಿಯೋನಿನಿಂದ ನಮ್ಮ ಅಂಗಳಕ್ಕೆ ಅದು ಬಂದು ಸೇರಲು ಇಪ್ಪತ್ತು ವರ್ಷವಾಯಿತು. ಬಂದದ್ದೂ ಪತ್ರಿಕೆಯ ಮೂಲಕವಲ್ಲ, ಕಾಯಿಲೆಯ ಮೂಲಕ.

ಓದಿದಾಗ ಇನ್ನೊಂದು ಸಂಗತಿ ಹೊಳೆಯಿತು. ‘ಮೊದಲನೆಯ ವರ್ಗ’ ಎಂದರೆ ಅತ್ಯಂತ ಘೋರವಾದದ್ದು ಎಂದರ್ಥವಲ್ಲ. ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ ಎಂದಷ್ಟೇ ಅರ್ಥ. ಸೂರ್ಯನ ಬಿಸಿಲೂ ಅದೇ ವರ್ಗದಲ್ಲಿದೆ, ತಂಬಾಕೂ ಇದೆ, ಮದ್ಯವೂ ಇದೆ. ಎಷ್ಟು ಜಗಿದರೆ ಎಷ್ಟು ಅಪಾಯ ಎಂಬುದು ಬೇರೆ ಪ್ರಶ್ನೆ. ‘ವಿಷ’ ಎಂದು ಬರೆದವರೂ ‘ಪಿತೂರಿ’ ಎಂದು ಬರೆದವರೂ ಈ ಒಂದು ಸಣ್ಣ ಭೇದವನ್ನು ಓದುಗರಿಗೆ ತಿಳಿಸಿದ್ದನ್ನು ನಾನು ಕಂಡಿಲ್ಲ. 2024ರಲ್ಲಿ ಅದೇ ಸಂಸ್ಥೆಯ ಸಂಶೋಧಕರು, 2022ರಲ್ಲಿ ಜಗತ್ತಿನಲ್ಲಿ ಕಂಡ ಬಾಯಿ ಕ್ಯಾನ್ಸರುಗಳಲ್ಲಿ ಸುಮಾರು ಮೂರರಲ್ಲೊಂದು ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯ ಸೇವನೆಯಿಂದ ಬಂದದ್ದೆಂದು ಪ್ರಕಟಿಸಿದರು. ಆ ಲೆಕ್ಕ ಹೇಗೆ ಹಾಕಿದರು, ತಂಬಾಕಿನ ಪಾಲೆಷ್ಟು, ಅಡಿಕೆಯ ಪಾಲೆಷ್ಟು? ಇದನ್ನು ಅವರನ್ನೇ ಕೇಳಿ ಕನ್ನಡದಲ್ಲಿ ಬರೆಯುವ ಒಬ್ಬ ಮನುಷ್ಯ ಬೇಕು. ಅವನು ಅಡಿಕೆ ಬೆಳೆಗಾರರ ವಕೀಲನಾಗಿರಕೂಡದು, ಲಿಯೋನಿನ ಡಂಗುರದವನೂ ಆಗಿರಕೂಡದು. ನಾನು ಕಲಿಯಬೇಕೆಂದಿರುವ ವಿದ್ಯೆ ಇದು.

ಇದಕ್ಕೆ ಎಂ.ಎ. ಏಕೆ ಎಂದು ಕೇಳುವವರಿದ್ದಾರೆ. ವಸತಿಗೃಹದ ನನ್ನ ಗೆಳತಿಯೇ ಕೇಳಿದಳು: “ಡಿ.ವಿ.ಜಿ. ಮೆಟ್ರಿಕ್ ಕೂಡ ಪಾಸಾಗಿರಲಿಲ್ಲ, ಗೊತ್ತೇ?” ಗೊತ್ತು. ಕನ್ನಡ ಪತ್ರಿಕಾವ್ಯವಸಾಯಕ್ಕೆ ಘನತೆ ತಂದುಕೊಟ್ಟವರು ಪರೀಕ್ಷೆಯಲ್ಲಿ ಸೋತವರೆಂಬುದು ಸತ್ಯ. ಆದರೆ ಆ ಮಾತನ್ನು ಆಡುವವರು ಡಿ.ವಿ.ಜಿ.ಯವರು ಓದಿದಷ್ಟು ಓದಿಯೂ ಆಡಲಿ. ಗೋಡೆ ತುಂಬ ಪುಸ್ತಕವಿರುವ ಮನೆಯಲ್ಲಿ ಹುಟ್ಟಿದವರಿಗೆ ಕಾಲೇಜು ಬೇಡವಾದೀತು. ಬೆಲ್ಲದ ಕಾಗದದಲ್ಲಿ ಓದು ಕಲಿತವಳಿಗೆ ಗ್ರಂಥಾಲಯ ಬೇಕು, ತಪ್ಪು ತೋರಿಸುವ ಗುರು ಬೇಕು, ಎರಡು ವರ್ಷ ಕೂಲಿಗೆ ಹೋಗದೆ ಕುಳಿತು ಓದಲು ಒಂದು ನೆಪವಾದರೂ ಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ನಾನೇ ಒದಗಿಸುತ್ತೇನೆ. ಕಾಸರಗೋಡಿನ ಗಡಿನಾಡಿನ ಶ್ರೀಪಡ್ರೆಯವರು ಕೃಷಿಕರು. ಕೃಷಿಕರ ಕೈಗೆ ಲೇಖನಿ ಕೊಟ್ಟ ‘ಅಡಿಕೆ ಪತ್ರಿಕೆ’ಯ ಮೂಲಕ ನಮಗೆಲ್ಲ ಪರಿಚಿತರು. ಅವರ ಸೀಮೆಯಲ್ಲಿ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ, ದನಕರುಗಳಲ್ಲಿ ಕಂಡ ವಿಕಾರಗಳನ್ನು ಗಮನಿಸಿ ಮೊದಲು ಬರೆದವರಲ್ಲಿ ಅವರೊಬ್ಬರು. ಊರಿನ ವೈದ್ಯರಾದ ವೈ.ಎಸ್. ಮೋಹನಕುಮಾರರು ರೋಗಿಗಳ ದಾಖಲೆ ಕೂಡಿಸಿದರು. 2001ರಲ್ಲಿ ದಿಲ್ಲಿಯ ಪ್ರಯೋಗಾಲಯವೊಂದರ ಪರೀಕ್ಷೆ ದೇಶದ ಕಣ್ಣು ತೆರೆಸಿತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಸೇರಿ ಜಗತ್ತಿನಿಂದಲೇ ಅದನ್ನು ಹಂತಹಂತವಾಗಿ ತೆಗೆಯಲು ನಿರ್ಧರಿಸಿದವು. ಗಡಿಯ ಒಂದು ಹಳ್ಳಿಯ ವಾರ್ತೆ ಜಿನೀವಾ ತಲುಪಿದ್ದು ಯಾವ ಅಂತರಾಷ್ಟ್ರೀಯ ಪದವಿಯ ಬಲದಿಂದಲೂ ಅಲ್ಲ. ಇದನ್ನು ನಾನು ಪೂರ್ಣ ಒಪ್ಪುತ್ತೇನೆ.

ಆದರೆ ಅದೇ ಕಥೆಯ ಇನ್ನೊಂದು ತುದಿಯನ್ನೂ ನೋಡಿ. ಜಿನೀವಾದಲ್ಲಿ ಮೊದಮೊದಲು ನಿಷೇಧವನ್ನು ವಿರೋಧಿಸಿದ್ದು ನಮ್ಮದೇ ದೇಶದ ನಿಯೋಗ. ಅಲ್ಲಿ ಯಾರು ಏನು ವಾದಿಸಿದರು, ಯಾವ ವಿನಾಯಿತಿಗಳಿಗೆ ಪಟ್ಟು ಹಿಡಿದರು ಎಂಬುದನ್ನು ಬೆಳ್ತಂಗಡಿ, ಪುತ್ತೂರುಗಳ ನೊಂದ ತಾಯಂದಿರಿಗೆ ಅವರ ಮಾತಿನಲ್ಲಿ ತಿಳಿಸಬೇಕಾದರೆ ಆ ಸಭಾಂಗಣದ ಭಾಷೆ, ಒಪ್ಪಂದಗಳ ಪರಿಭಾಷೆ, ನಡಾವಳಿಯ ಒಳಸುಳಿ ಬಲ್ಲವರು ಅಲ್ಲಿರಬೇಕು. ಹಳ್ಳಿಯ ತುದಿಯಲ್ಲಿ ಶ್ರೀಪಡ್ರೆ ಇದ್ದರು. ಜಿನೀವಾದ ತುದಿಯನ್ನು ನಾವು ಏಜೆನ್ಸಿಗಳ ತಂತಿಗೆ ಒಪ್ಪಿಸಿದೆವು.

ಅದಂತಿರಲಿ. ನಾವು ಜಗತ್ತನ್ನು ನೋಡದಿದ್ದರೂ ಜಗತ್ತು ನಮ್ಮನ್ನು ನೋಡಲು ಬರುತ್ತಲೇ ಇದೆ. 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಪೋರ್ತುಗೀಜರ ರಾಯಭಾರಿಯ ಜತೆ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ದಾರಿಯಲ್ಲಿ ಕಂಡದ್ದನ್ನೆಲ್ಲ ನೇಪಲ್ಸಿನ ಸ್ನೇಹಿತನಿಗೆ ಪತ್ರ ಬರೆದ. ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿ ಬರೆದು, ರಾಗವಾಗಿ ಹಾಡಿಕೊಂಡು ಲೆಕ್ಕ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿ, ಅವರನ್ನು ವಿಚಾರಿಸಿ, ಪತ್ರದಲ್ಲಿ ಬರೆದಿದ್ದಾನೆ. ಆ ಹುಡುಗರ ಪಕ್ಕದಲ್ಲಿ ನಿತ್ಯ ಓಡಾಡುತ್ತಿದ್ದ ನಮ್ಮವರಿಗೆ ಅದು ಬರೆಯುವ ವಿಷಯವೆಂದು ತೋಚಿರಲಾರದು. ಹೊರಗಿನ ಕಣ್ಣಿನ ಉಪಕಾರ ಇದು. ನಮ್ಮ ಸೀಮೆಯ ಮೊದಲ ವಿದೇಶೀ ಬಾತ್ಮೀದಾರ ಇವನೇ ಎಂದು ನಾನು ಮನಸ್ಸಿನಲ್ಲೇ ನೇಮಿಸಿಕೊಂಡಿದ್ದೇನೆ; ಇತಿಹಾಸದ ಗುರುಗಳು ಕ್ಷಮಿಸಬೇಕು.

ಆಮೇಲೆ ಬಂದವರೆಲ್ಲ ಅವನಷ್ಟು ತಾಳ್ಮೆಯವರಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆಯ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿಯ ಹೆಸರು ದೇಶದಾಚೆಗೂ ಹೋಯಿತು. ಮರ ಅಪ್ಪಿದ ಚಿತ್ರ ಹೋದಷ್ಟು ದೂರ ಸೊಪ್ಪಿನ ಬೆಟ್ಟದ ಸಂಗತಿ, ಬತ್ತಿದ ಹಳ್ಳದ ಸಂಗತಿ ಹೋಗಲಿಲ್ಲ. ಯಲ್ಲಾಪುರದ ಕಡೆಯ ನನ್ನ ಸಹಪಾಠಿಯೊಬ್ಬ ಸಿದ್ದಿ ಸಮುದಾಯದವನು. ಅವನು ಹೇಳಿದ್ದನ್ನು ಅವನ ಒಪ್ಪಿಗೆ ಪಡೆದು ಬರೆಯುತ್ತೇನೆ: “ನಮ್ಮ ಕೇರಿಗೆ ಕ್ಯಾಮರಾ ಹಿಡಿದು ಬಂದವರೆಲ್ಲ ಡಮಾಮಿ ಬಾರಿಸಿ, ಕುಣಿಯಿರಿ ಅನ್ನುತ್ತಾರೆ. ಆಫ್ರಿಕ ನೆನಪಿದೆಯೆ ಅನ್ನುತ್ತಾರೆ. ನನ್ನ ಅಜ್ಜನ ಅಜ್ಜನಿಗೂ ನೆನಪಿರಲಿಕ್ಕಿಲ್ಲ. ಅರಣ್ಯ ಹಕ್ಕಿನ ಅರ್ಜಿ ಏನಾಯಿತು ಅಂತ ಒಬ್ಬನೂ ಕೇಳಲಿಲ್ಲ.” ಅವನಾಡುವುದು ನಮ್ಮೆಲ್ಲರಂತೆ ಕನ್ನಡ, ಮನೆಯಲ್ಲಿ ಕೊಂಕಣಿ. ಹೊರಗಿನವರು ನಮ್ಮನ್ನು ಹೇಗೆ ಬರೆಯುತ್ತಾರೆಂದು ಗೊಣಗುವ ನಾವು, ನಾಳೆ ಭೂತಾನಕ್ಕೆ ಹೋದರೆ ಅಲ್ಲಿಯವರಿಗೂ ‘ನಿಮ್ಮ ನಾಟ್ಯ ತೋರಿಸಿ’ ಎನ್ನುವುದಿಲ್ಲವೆಂದು ಏನು ಖಾತ್ರಿ? ಹೊರನಾಡಿನ ಮನುಷ್ಯನನ್ನು ಹೇಗೆ ಕೇಳಬೇಕೆಂಬುದೂ ಕಲಿತು ಬರತಕ್ಕ ವಿದ್ಯೆಯೇ ಎಂದು ನನಗೆ ಮನದಟ್ಟಾದದ್ದು ಅವನ ಮಾತಿನಿಂದ.

ವಾರ್ತೆಯ ಈ ಏಕಮುಖ ಪ್ರವಾಹ ಹೊಸ ದೂರೇನಲ್ಲ. ಯುನೆಸ್ಕೊ ನೇಮಿಸಿದ ಮ್ಯಾಕ್‌ಬ್ರೈಡ್ ಆಯೋಗ 1980ರಲ್ಲಿಯೇ ಇದನ್ನು ಲೋಕದ ಮುಂದಿಟ್ಟಿತು. ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯ ಮಾರ್ಕೆಸ್, ನಮ್ಮ ದೇಶದ ಬಿ.ಜಿ. ವರ್ಗೀಸ್ ಅದರ ಸದಸ್ಯರಾಗಿದ್ದರು. ಶ್ರೀಮಂತ ದೇಶಗಳ ಏಜೆನ್ಸಿಗಳು ಬರೆದದ್ದನ್ನು ಬಡ ದೇಶಗಳು ತಮ್ಮ ನೆರೆಯ ಬಡ ದೇಶದ ಬಗ್ಗೆಯೂ ಓದಬೇಕಾಗಿದೆ ಎಂಬುದು ಆ ಕಾಲದ ಅಳಲು. ಇಂದು ಕನ್ನಡದ ಮಟ್ಟಿಗೆ ಇದು ಎರಡು ಪಟ್ಟು: ಹೊರಗಿನದು ಮೊದಲು ಇಂಗ್ಲೀಷಿಗೆ, ಅಲ್ಲಿಂದ ನಮಗೆ. 2017ರಲ್ಲಿ ಬಿ.ಬಿ.ಸಿ. ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಭಾಷೆಗಳಲ್ಲಿ ಹೊಸ ಸೇವೆ ತೆರೆಯಿತು. ಹಿಂದಿ, ತಮಿಳು ಮೊದಲೇ ಇದ್ದವು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಇದಕ್ಕಾಗಿ ಬಿ.ಬಿ.ಸಿ.ಯವರನ್ನು ಬೈಯುವುದು ಸುಲಭ. 1843ರ ಜುಲೈ 1ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಟಾಗ, ಕಲ್ಲಚ್ಚಿನ ಆ ಪುಟ್ಟ ಹಾಳೆಯಲ್ಲಿಯೂ ಊರ ವರ್ತಮಾನದ ಜತೆ ಹೊರರಾಜ್ಯಗಳ ವರ್ತಮಾನಕ್ಕೆ ಸ್ಥಳವಿತ್ತು. ಹೆರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ಕನ್ನಡ ಓದುಗನಿಗೆ ಜಗತ್ತು ಬೇಕೆಂದು ತಿಳಿದಿದ್ದ. ಅಷ್ಟು ವರ್ಷಗಳ ಮೇಲೆ ನಮಗೇ ಅದು ತಿಳಿಯಬಾರದೆ?

ಕಲಿತು ಬಂದು ಕನ್ನಡಕ್ಕೆ ದುಡಿದವರ ಮಾದರಿ ನಮಗಿಲ್ಲವೆಂದಲ್ಲ. ಅಮೇರಿಕದ ಮಿಸೌರಿಯಲ್ಲಿ ಪತ್ರಿಕೋದ್ಯಮ ಓದಿ ಬಂದ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಆ ವಿಭಾಗವನ್ನು ಆರಂಭಿಸಿದರು. ಎಚ್.ವೈ. ಶಾರದಾಪ್ರಸಾದರು 1955–56ರಲ್ಲಿ ಹಾರ್ವರ್ಡಿನಲ್ಲಿ ನೀಮನ್ ಫೆಲೋ ಆಗಿದ್ದವರು, ಆರ್.ಕೆ. ನಾರಾಯಣರ ಸ್ವಾಮಿಯನ್ನು ಕನ್ನಡಕ್ಕೂ ಶಿವರಾಮ ಕಾರಂತರ ಆತ್ಮಕಥೆಯನ್ನು ಇಂಗ್ಲೀಷಿಗೂ ದಾಟಿಸಿದರು. ನಮ್ಮ ಶಿರಸಿ ತಾಲೂಕಿನ ಬಕ್ಕೆಮನೆಯ 
ನಾಗೇಶ ಹೆಗಡೆಯವರು ಖರಗಪುರದಲ್ಲಿ, ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಓದಿ ‘ಪ್ರಜಾವಾಣಿ’ಗೆ ಬಂದು, ಜಗತ್ತಿನ ವಿಜ್ಞಾನವನ್ನೂ ಪರಿಸರದ ವಿಚಾರವನ್ನೂ ಹಳ್ಳಿಯ ಓದುಗನ ಮುಂದೆ ಅವನ ಮಾತಿನಲ್ಲೇ ಇಟ್ಟರು. ನನ್ನ ಕಣ್ಣ ಮುಂದಿರುವ ದಾರಿ ಮುಖ್ಯವಾಗಿ ಇವರದು.

ಇನ್ನು ವ್ಯವಹಾರದ ಮಾತು. ಇದು ಕಹಿ, ಬೇಗ ಮುಗಿಸುತ್ತೇನೆ. ವೇಲ್ಸಿನ ಕಾರ್ಡಿಫ್‌ನಲ್ಲಿಯೂ ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದಲ್ಲಿಯೂ ಇದೇ ಹೆಸರಿನ ಒಂದು ವರ್ಷದ ಎಂ.ಎ. ಇದೆ. ಹೊರದೇಶದವರಿಗೆ ಶುಲ್ಕವೇ 20,000 ಪೌಂಡಿಗೆ ಮೇಲೆ. ನಮ್ಮ ನಾಣ್ಯದಲ್ಲಿ ಇಪ್ಪತ್ತು ಲಕ್ಷವನ್ನು ಮೀರುತ್ತದೆ. ಅಪ್ಪ ಎಷ್ಟು ಮರ ಹತ್ತಿದರೆ ಆ ಮೊತ್ತವಾದೀತೆಂದು ಒಮ್ಮೆ ಲೆಕ್ಕ ಹಾಕಲು ಕುಳಿತು ಅರ್ಧಕ್ಕೇ ಬಿಟ್ಟೆ. ಬ್ರಿಟಿಷ್ ಸರಕಾರದ ಚೀವನಿಂಗ್ ವಿದ್ಯಾರ್ಥಿವೇತನ ಇದೆ. ಅದಕ್ಕೆ ಎರಡು ವರ್ಷ ದುಡಿದ ಅನುಭವ ಬೇಕು, ಓದಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಿ ಬರಬೇಕು. ಈ ಎರಡನೆಯ ಷರತ್ತು ನನಗೆ ಬಹಳ ಹಿಡಿಸಿತು. ಡೆನ್ಮಾರ್ಕಿನ ಆರ್ಹೂಸಿನಲ್ಲಿ ಆರಂಭವಾಗಿ ಬೇರೆ ದೇಶದಲ್ಲಿ ಮುಗಿಯುವ ಎರಾಸ್ಮಸ್ ಯೋಜನೆಯ ಎರಡು ವರ್ಷದ ಪದವಿಯೂ ಉಂಟು. ಸದ್ಯಕ್ಕೆ ನನ್ನ ಎಟುಕಿಗೆ ಇರುವುದು ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ. ಎರಡು ವರ್ಷ, ಆಮೇಲೆ ಎರಡು ವರ್ಷ ಯಾವುದಾದರೂ ಸ್ಥಳೀಯ ಪತ್ರಿಕೆಯಲ್ಲಿ ಅಡಿಕೆ ಪೇಟೆಯ ವರದಿ, ಆಮೇಲೆ ಹೊರಗಿನ ಅರ್ಜಿ. ಕೇಳುವುದಕ್ಕೆ ಎಷ್ಟು ಸುಲಭ! ನಡುವೆ ಮದುವೆಯ ಪ್ರಸ್ತಾಪ ಎಷ್ಟು ಸಲ ಬರುತ್ತದೆಂಬುದನ್ನು ಯಾವ ಪಠ್ಯಕ್ರಮದಲ್ಲೂ ಬರೆದಿಲ್ಲ.

ನಮ್ಮ ವಿಶ್ವವಿದ್ಯಾಲಯಗಳಿಗೆ ಒಂದು ಬಿನ್ನಹವನ್ನೂ ಇಲ್ಲಿ ಮಾಡಿಕೊಳ್ಳುತ್ತೇನೆ. ನಮ್ಮ ಎಂ.ಎ. ಪಠ್ಯಗಳಲ್ಲಿ ಅಂತರಾಷ್ಟ್ರೀಯ ಸಂವಹನವೆಂಬುದು ಸಾಮಾನ್ಯವಾಗಿ ಒಂದು ಪ್ರಶ್ನಪತ್ರಿಕೆಯ ಮಟ್ಟಿಗೆ ಇರುತ್ತದೆ. ಸಿದ್ಧಾಂತಗಳನ್ನು ಬಾಯಿಪಾಠ ಮಾಡಿ ಬರೆದು ಮರೆಯಬಹುದು. ಅದರ ಬದಲಿಗೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೊಂದು ದೇಶ ಕೊಡಲಿ. ಒಬ್ಬನಿಗೆ ಭೂತಾನ, ಒಬ್ಬಳಿಗೆ ಶ್ರೀಲಂಕಾ, ಒಬ್ಬನಿಗೆ ವಿಯೆಟ್ನಾಮು, ಮಂಗಳೂರಿನ ಕಡೆಯವರಿಗೆ ಕೊಲ್ಲಿಯ ರಾಷ್ಟ್ರಗಳು. ಎರಡು ವರ್ಷ ಆ ದೇಶದ ಪತ್ರಿಕೆಗಳನ್ನು ನಿತ್ಯ ಓದಲಿ, ಅದರ ಬಜೆಟ್ಟು, ಬೆಳೆ, ಚುನಾವಣೆ ಬಲ್ಲವರಾಗಲಿ, ಅಲ್ಲಿಯ ಒಬ್ಬ ವಿದ್ಯಾರ್ಥಿಯೊಡನೆ ಪತ್ರವ್ಯವಹಾರ ಬೆಳೆಸಲಿ, ವಾರಕ್ಕೊಂದು ವರದಿಯನ್ನು ಕನ್ನಡದಲ್ಲಿ, ಏಜೆನ್ಸಿಯ ಮಾತನ್ನು ಮುಟ್ಟದೆ, ಬರೆಯಲಿ. ಇದಕ್ಕೆ ವಿಮಾನದ ಟಿಕೆಟ್ಟು ಬೇಡ. ಹೀಗೆ ವರ್ಷಕ್ಕೆ ಇಪ್ಪತ್ತು ಜನ ಹೊರಬಿದ್ದರೆ, ಹತ್ತು ವರ್ಷಗಳಲ್ಲಿ ಜಗತ್ತಿನ ಯಾವ ಮೂಲೆಯ ವಾರ್ತೆ ಬಂದರೂ ‘ಇದನ್ನು ಬಲ್ಲವರು ಒಬ್ಬರಿದ್ದಾರೆ’ ಎಂದು ಸಂಪಾದಕರಿಗೆ ತಿಳಿದಿರುತ್ತದೆ.

ನನ್ನ ಪಾಲಿನ ದೇಶವನ್ನು ನಾನು ಆರಿಸಿಕೊಂಡು ಆಗಿದೆ. ಥಿಂಪುವಿನ ‘ಕುಯೆನ್ಸೆಲ್’ ಪತ್ರಿಕೆಯನ್ನು ಈಗ ಮೊಬೈಲಿನಲ್ಲಿ ವಾರಕ್ಕೆ ಎರಡು ಮೂರು ಬಾರಿ ನೋಡುತ್ತೇನೆ. ಅರ್ಥವಾಗದ್ದನ್ನು ಗುರುತು ಹಾಕಿ ಇಂಗ್ಲೀಷಿನ ಗುರುಗಳನ್ನು ಕಾಡುತ್ತೇನೆ.

ಅವ್ವ ಕವಳ ಬಿಟ್ಟು ಒಂದು ವರ್ಷ ಎರಡು ತಿಂಗಳಾಯಿತು. ಅಡಿಕೆ ಸುಲಿಯುವುದನ್ನು ಬಿಟ್ಟಿಲ್ಲ, ಬಿಡುವಂತೆಯೂ ಇಲ್ಲ. ಕಳೆದ ಸುಗ್ಗಿಯ ಒಂದು ರಾತ್ರಿ ನಾನೂ ಪಕ್ಕದಲ್ಲಿ ಕುಳಿತು ಸುಲಿಯುತ್ತಿದ್ದೆ. ಧಾರವಾಡದ ಅರ್ಜಿಯ ಮಾತು ತೆಗೆದೆ. ಅವ್ವ ಏನೂ ಅನ್ನಲಿಲ್ಲ. ಅಪ್ಪ ಕತ್ತಿಗೆ ಸಾಣೆ ಹಿಡಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಹಂಗಾರೆ ತಂಗೀ, ಆ ಭೂತಾನದಲ್ಲಿ ಮರ ಎಷ್ಟು ಎತ್ತರ ಇರ್ತದೆ? ಅಲ್ಲಿಯವರೂ ಕಾಲಿಗೆ ತಳೆ ಹಾಕೇ ಹತ್ತುದೊ?”

ನನಗೆ ಗೊತ್ತಿರಲಿಲ್ಲ. ಕುಯೆನ್ಸೆಲ್‌ನಲ್ಲಿಯೂ ಇದುವರೆಗೆ ಸಿಕ್ಕಿಲ್ಲ.